ಹಳೇ ಮನೆ ಕೆಡವುವ ಮುಂಚೆ ಒಂದ್ಸಲ ಸೂರಿನ ಕಡೆ ತಲೆ ಎತ್ತಿ ನೋಡಿ

ಮೈಸೂರಿನಲ್ಲಿ ಹಳೇ ಮನೆ ಕೆಡವಿ ಹೊಸದು ಕಟ್ಟಲು ಹೊರಟಿರುವ ಎಲ್ಲರಿಗೂ, ಅದಕ್ಕೆ ಪರವಾನಗಿ ಕೊಡುವ ಅಧಿಕಾರಿಗಳಿಗೂ,

ನಮಸ್ಕಾರ.

ನಾನು ಮರಗೆಲಸದವನು. ಬಾಗಿಲು, ಕಿಟಕಿ, ಮಂಚ, ದೇವರ ಮಂಟಪ ಮಾಡಿಕೊಂಡು ಈ ಊರಿನಲ್ಲೇ 38 ವರ್ಷ ಕಳೆದಿದ್ದೇನೆ. ಪತ್ರ ಬರೆದು ಅಭ್ಯಾಸವಿಲ್ಲ. ಇಷ್ಟು ವರ್ಷ ಬರೆದದ್ದೆಲ್ಲ ಅಳತೆ, ಎಸ್ಟಿಮೇಟು, ಬಿಲ್ಲು, ಅಷ್ಟೇ. ಆದರೆ ಹೋದ ತಿಂಗಳು ಕಂಡದ್ದು ಮನಸ್ಸಿನಿಂದ ಹೋಗುತ್ತಿಲ್ಲ.

ಕೃಷ್ಣಮೂರ್ತಿಪುರಂ ಕಡೆ ಒಂದು ಮನೆಗೆ ಕಿಟಕಿ ಅಳತೆ ತಗೊಳ್ಳಲು ಹೋಗಿದ್ದೆ. ಅದೇ ಬೀದಿಯ ಕೊನೆಯಲ್ಲಿ ಜೆಸಿಬಿ ಒಂದು ಹಳೇ ಮನೆಯನ್ನು ಕೆಡವುತ್ತಿತ್ತು. ಮದ್ರಾಸ್ ತಾರಸಿಯ ಮನೆ. ಅಂದರೆ ಗೋಡೆಯಿಂದ ಗೋಡೆಗೆ ಸಾಲಾಗಿ ಮರದ ಜಂತೆ ಇಟ್ಟು, ಅದರ ಮೇಲೆ ತೆಳ್ಳನೆಯ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ, ಗಾರೆ ಹಾಕಿ ಮಾಡಿದ ತಾರಸಿ. ಜೆಸಿಬಿಯ ಹಲ್ಲು ಬಿದ್ದ ಕಡೆ ಜಂತೆ ಲಟಕ್ಕನೆ ಮುರಿದು ಕೆಳಗೆ ಬೀಳುತ್ತಿತ್ತು. ಹೊರಗೆಲ್ಲ ನೂರು ವರ್ಷದ ಹೊಗೆ, ಸುಣ್ಣ, ಬಣ್ಣ. ಮುರಿದ ಜಾಗದಲ್ಲಿ ಮಾತ್ರ ಬೆಲ್ಲದ ಬಣ್ಣ. ಹತ್ತಿರ ಹೋಗಿ ಸ್ಕೂಟರಿನ ಕೀಲಿಯಲ್ಲಿ ಕೆರೆದು ಮೂಸಿ ನೋಡಿದೆ. ತೇಗ. ಬಲಿತ ತೇಗ.

"ಎಲ್ಲಿಗಪ್ಪಾ ಹೋಗುತ್ತೆ ಇದು?" ಅಂತ ಟೆಂಪೋದಲ್ಲಿ ತುಂಬುತ್ತಿದ್ದ ಹುಡುಗನನ್ನು ಕೇಳಿದೆ.

"ಮುರಿದಿರೋದು ಸೌದೆಗೆ ಸಾರ್. ಉದ್ದ ಇರೋದನ್ನ ಓನರ್ರು ಯಾರಿಗೋ ಮಾರ್ತಾರೆ" ಅಂದ. ಓನರ್ರು ಅಂದರೆ ಮನೆ ಯಜಮಾನರಲ್ಲ, ಕೆಡವುವ ಗುತ್ತಿಗೆಯವರು.

ಎರಡು ಮುರುಕು ತುಂಡನ್ನು ದುಡ್ಡು ಕೊಟ್ಟು ತಂದೆ. ಅಂಗಡಿಯಲ್ಲಿ ಮೊಳೆ ಕಿತ್ತು, ತೋಪಡ ಹೊಡೆದು ನಯ ಮಾಡಿದೆ. ಅದೇ ಹೊತ್ತಿಗೆ ಪಕ್ಕದಲ್ಲಿ ಒಬ್ಬರ ಮಹಾಬಾಗಿಲಿಗೆ ಅಂತ ತಂದ ಹೊಸ ತೇಗದ ಹಲಗೆಗಳಿದ್ದವು. ಹೊರದೇಶದ ಮರ. ಬಿಲ್ಲಿನಲ್ಲಿ 'ಫಸ್ಟ್ ಕ್ವಾಲಿಟಿ' ಅಂತಿತ್ತು. ಎರಡನ್ನೂ ಒಂದರ ಪಕ್ಕ ಒಂದು ಇಟ್ಟೆ. ನನ್ನ ಹತ್ತಿರ ಕೆಲಸ ಕಲಿಯುತ್ತಿರುವ ಹುಡುಗ ನೋಡಿ, "ಇವೆರಡೂ ಒಂದೇ ಜಾತೀನಾ?" ಅಂದ. ಜಾತಿ ಒಂದೇ. ವಯಸ್ಸು ಬೇರೆ.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ತೇಗ ಒಳ್ಳೇ ಮರ ಅಂತ ಎಲ್ಲರಿಗೂ ಗೊತ್ತು, ಯಾಕೆ ಒಳ್ಳೇದು ಅಂತ ಗೊತ್ತಿರುವವರು ಕಮ್ಮಿ.

ಮರದ ದಿಮ್ಮಿಯನ್ನು ಅಡ್ಡ ಕುಯ್ದರೆ ಹೊರಗೆ ಒಂದು ಬೆಳ್ಳನೆಯ ಸುತ್ತು ಕಾಣುತ್ತದೆ. ಒಳಗೆ ಬಣ್ಣ ಬಂದ ಭಾಗ. ಒಳಗಿನದು ಕೆಚ್ಚು. ತೇಗದ ಹೆಸರೆಲ್ಲ ಇರುವುದು ಈ ಕೆಚ್ಚಿನಿಂದ. ಮರ ಬೆಳೆಯುತ್ತಾ ಹೋದ ಹಾಗೆ ಒಳಗಿನ ಭಾಗದಲ್ಲಿ ಒಂದು ಥರದ ಎಣ್ಣೆ ಅಂಶ ತುಂಬಿಕೊಳ್ಳುತ್ತದೆ. ಮುಟ್ಟಿದರೆ ಮೇಣದ ಹಾಗೆ ಸ್ವಲ್ಪ ಜಿಡ್ಡು ಅನ್ನಿಸುವುದು, ಕೆರೆದರೆ ಹಳೇ ಚರ್ಮದ ಥರ ವಾಸನೆ ಬರುವುದು ಇದರಿಂದಲೇ. ಗೆದ್ದಲು ಇದನ್ನು ಬೇಗ ಮುಟ್ಟುವುದಿಲ್ಲ. ನೀರು ಸುಲಭಕ್ಕೆ ಒಳಗೆ ಇಳಿಯುವುದಿಲ್ಲ. ಹೊರಗಿನ ಬಿಳಿ ಭಾಗದಲ್ಲಿ ಈ ಶಕ್ತಿ ಇಲ್ಲ. ಅದನ್ನು ಗೆದ್ದಲು ಮಾವಿನ ಹಲಗೆ ತಿಂದ ಹಾಗೆ ತಿನ್ನುತ್ತದೆ.

ಹದಿನೈದು ಇಪ್ಪತ್ತು ವರ್ಷದ ತೇಗ ಕಡಿದರೆ ಬಿಳಿ ಜಾಸ್ತಿ, ಕೆಚ್ಚು ಕಮ್ಮಿ. ಹಳೇ ಕಾಲದಲ್ಲಿ ಕಾಡಿನಿಂದ ಬರುತ್ತಿದ್ದದ್ದು ಎಷ್ಟೋ ದಶಕ ನಿಂತ ಮರ. ಈಗ ಘಾನಾ, ತಾಂಜಾನಿಯಾ, ಈಕ್ವೆಡಾರ್, ಪನಾಮಾದಿಂದ ಬರುವುದರಲ್ಲಿ ಬಹಳಷ್ಟು ಬೇಗ ಬೆಳೆಸಿ ಬೇಗ ಕಡಿದ ನೆಡುತೋಪಿನ ಮರ. ಬರ್ಮಾ ತೇಗ ಅಂತ ಈಗಲೂ ಕೆಲವರು ಕೇಳಿಕೊಂಡು ಬರುತ್ತಾರೆ. ಮ್ಯಾನ್ಮಾರ್ 2014ರ ಏಪ್ರಿಲ್‌ನಿಂದ ದಿಮ್ಮಿ ರಫ್ತನ್ನೇ ನಿಲ್ಲಿಸಿದೆ. ಹಾಗಂತ ಹೊಸ ಮರ ಎಲ್ಲಾ ಕೆಟ್ಟದು ಅಂತ ನಾನು ಹೇಳುವುದಿಲ್ಲ. ನೋಡಿ ಆರಿಸಿದರೆ ಅದರಲ್ಲೂ ಒಳ್ಳೇದು ಸಿಗುತ್ತದೆ, ನಾನೂ ದಿನಾ ಅದರಲ್ಲೇ ಕೆಲಸ ಮಾಡುತ್ತೇನೆ. ಆದರೆ ಬಿಳಿ ಭಾಗಕ್ಕೆ ಪಾಲಿಶ್‌ನಲ್ಲಿ ಬಣ್ಣ ಸೇರಿಸಿ ಕೆಚ್ಚಿನ ಹಾಗೆ ಕಾಣಿಸುವುದು ನಮ್ಮ ಕಸುಬಿನಲ್ಲಿ ಗುಟ್ಟೇನಲ್ಲ.

ತೊಂಬತ್ತರ ದಶಕದಲ್ಲಿ ಇನ್ನೊಂದು ಹುಚ್ಚು ಎದ್ದಿತ್ತು, ನೆನಪಿದೆಯಾ? ಒಂದು ತೇಗದ ಗಿಡಕ್ಕೆ ದುಡ್ಡು ಹಾಕಿ, ಇಪ್ಪತ್ತು ವರ್ಷಕ್ಕೆ ಲಕ್ಷಾಧಿಪತಿ ಆಗಿ ಅಂತ ಪೇಪರಿನಲ್ಲಿ ಜಾಹೀರಾತು ಬರುತ್ತಿತ್ತು. ನಮ್ಮ ಬೀದಿಯ ಮೇಷ್ಟ್ರೊಬ್ಬರು ಪಿಎಫ್ ದುಡ್ಡು ಹಾಕಿದ್ದರು. ನಮ್ಮಪ್ಪನನ್ನು ಕೇಳಿದ್ದರೆ ಹಾಕುತ್ತಿರಲಿಲ್ಲ. "ಇಪ್ಪತ್ತು ವರ್ಷದ ತೇಗದಲ್ಲಿ ಏನು ಬರುತ್ತೆ ಸ್ವಾಮಿ, ರೀಪು ಬರುತ್ತೆ" ಅನ್ನುತ್ತಿದ್ದರು ಅಪ್ಪ. ರೀಪು ಅಂದರೆ ಹೆಂಚಿನ ಕೆಳಗೆ ಹೊಡೆಯುವ ತೆಳ್ಳನೆಯ ಪಟ್ಟಿ. ಮೇಷ್ಟ್ರಿಗೆ ರೀಪೂ ಸಿಗಲಿಲ್ಲ.

ಇನ್ನು ಆ ಬಲಿತ ಮರ ನಮ್ಮ ಮನೆಗಳ ಸೂರಿಗೆ ಹೇಗೆ ಬಂತು ಅನ್ನುವುದು. 1897ರಲ್ಲಿ ಮೈಸೂರಿನ ಹಳೇ ಮರದ ಅರಮನೆ ಸುಟ್ಟುಹೋಯಿತು. ಈಗಿನ ಅರಮನೆ ಮುಗಿದದ್ದು 1912ಕ್ಕೆ. ಹಳೇ ಅರಮನೆ ಸುಟ್ಟ ಸುಮಾರಿನಲ್ಲೇ ಪ್ಲೇಗು ಬಂದು ಇಕ್ಕಟ್ಟಿನ ಕೇರಿಗಳಲ್ಲಿ ಜನ ಸತ್ತರು. ಗಾಳಿ ಬೆಳಕಿರುವ ಬಡಾವಣೆ ಬೇಕು ಅಂತ 1903ರಲ್ಲಿ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್ ಶುರುವಾಯಿತು. ಆಮೇಲಿನ ಮೂವತ್ತು ನಲವತ್ತು ವರ್ಷ ಊರೆಲ್ಲ ಮನೆ ಕಟ್ಟುವ ಕೆಲಸ. ಆಗ ಮರಕ್ಕೆ ಹೊರದೇಶ ನೋಡಬೇಕಿರಲಿಲ್ಲ. ಹುಣಸೂರು, ಹೆಗ್ಗಡದೇವನಕೋಟೆ ಕಡೆಯ ಕಾಡು ಪಕ್ಕದಲ್ಲೇ ಇತ್ತು. ಆನೆ ದಿಮ್ಮಿ ಎಳೆದು ರಸ್ತೆಗೆ ತರುತ್ತಿತ್ತು, ಅಲ್ಲಿಂದ ಎತ್ತಿನ ಗಾಡಿ. ದಸರಾ ಬಂದಾಗ ನಾವು ಕೈಮುಗಿಯುವ ಕ್ಯಾಂಪಿನ ಆನೆಗಳ ಹಿರಿಯರ ಕಸುಬು ಅದೇ ಆಗಿತ್ತು. ಈಗ ನಾಗರಹೊಳೆಯಲ್ಲಿ ಸಾಲಾಗಿ ನಿಂತ ತೇಗದ ಮರ ಕಾಣುತ್ತದಲ್ಲ, ಅದು ತಾನಾಗಿ ಬೆಳೆದ ಕಾಡಲ್ಲ, ಹಿಂದೆ ನಾಟಾಕ್ಕೆ ಅಂತಲೇ ನೆಟ್ಟ ತೋಪು. ಈಗ ಅದು ರಾಷ್ಟ್ರೀಯ ಉದ್ಯಾನ. ಕಡಿಯುವ ಹಾಗಿಲ್ಲ, ಕಡಿಯಲೂಬಾರದು. ಹಾಗಾಗಿ ಆ ಕಾಲದ ತೇಗ ನಮಗೆ ಸಿಗಬೇಕು ಅಂದರೆ ಒಂದೇ ಜಾಗ ಉಳಿದಿದೆ. ಅದು ನೀವು ಮುಂದಿನ ವಾರ ಕೆಡವಲಿರುವ ಮನೆ.

ಮನೆ ಕೆಡವಲೇಬೇಡಿ ಅಂತ ನಾನು ಹೇಳುತ್ತಿಲ್ಲ. ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರಲ್ಲಿ ಕುಸಿದು ಜೀವಗಳು ಹೋದವು. ದೇವರಾಜ ಮಾರುಕಟ್ಟೆಯ ಒಂದು ಭಾಗ 2016ರಲ್ಲಿ ಬಿತ್ತು. ಬೀಳುವ ಗೋಡೆಯ ಕೆಳಗೆ ಮಕ್ಕಳನ್ನು ಮಲಗಿಸಿಕೊಂಡು ಪರಂಪರೆ ಉಳಿಸಿ ಅಂತ ಹೇಳಲು ನಾನ್ಯಾರು? ಅಣ್ಣತಮ್ಮಂದಿರ ಭಾಗ ಆಗಬೇಕು, ಕಾರು ನಿಲ್ಲಿಸಬೇಕು, ಮೇಲೊಂದು ಬಾಡಿಗೆ ಮನೆ ಬೇಕು. ಎಲ್ಲಾ ಸರಿ. ನಾನು ಕೇಳುತ್ತಿರುವುದು ಮರದ ವಿಷಯ ಮಾತ್ರ.

ಕೆಡವುವ ವ್ಯವಹಾರ ಹೇಗೆ ನಡೆಯುತ್ತದೆ ಅಂತ ನೋಡಿ. ಗುತ್ತಿಗೆಯವರು ಬಂದು ಮನೆ ಒಂದು ಸುತ್ತು ಹಾಕುತ್ತಾರೆ. ಗೋಡೆ ನೋಡುವುದಿಲ್ಲ, ಮೇಲೆ ನೋಡುತ್ತಾರೆ. ಆಮೇಲೆ, "ಕೆಡವೋ ಕೂಲಿ ಬೇಡ ಸಾರ್, ಬಿದ್ದ ಮರ, ಕಬ್ಬಿಣ, ಹೆಂಚು ನಮಗೆ ಬಿಟ್ಟುಬಿಡಿ" ಅನ್ನುತ್ತಾರೆ. ಮನೆಯವರಿಗೆ ಖುಷಿ. ಪುಕ್ಕಟೆ ಕೆಲಸ ಆಯಿತಲ್ಲ!

ಪುಕ್ಕಟೆ ಎಷ್ಟರ ಮಟ್ಟಿಗೆ ಅಂತ ಒಂದು ಲೆಕ್ಕ ಹಾಕೋಣ. 12 ಅಡಿ ಅಗಲ, 15 ಅಡಿ ಉದ್ದದ ಒಂದು ಕೋಣೆ. ಒಂದೂವರೆ ಅಡಿಗೆ ಒಂದರಂತೆ ಜಂತೆ ಇಟ್ಟರೆ ಒಂಬತ್ತು ಜಂತೆ. ಒಂದೊಂದೂ 12 ಅಡಿ ಉದ್ದ, 6 ಇಂಚು ಎತ್ತರ, 4 ಇಂಚು ದಪ್ಪ ಅಂದುಕೊಳ್ಳಿ. ಒಂದು ಜಂತೆಗೆ 2 ಘನ ಅಡಿ ಮರ. ಒಂದೇ ಕೋಣೆಯಿಂದ 18 ಘನ ಅಡಿ. ಏಳಡಿ ಎತ್ತರ, ಮೂರೂವರೆ ಅಡಿ ಅಗಲದ ಮಹಾಬಾಗಿಲಿಗೆ, ಬಾಗಿಲುವಾಡವೂ, ವೇಸ್ಟೂ ಸೇರಿ ಆರೇಳು ಘನ ಅಡಿ ಬೇಕಾಗುತ್ತದೆ. ಅಂದರೆ ನಿಮ್ಮ ಹಳೇ ನಡುಮನೆಯ ಸೂರಿನಲ್ಲಿ ಎರಡು ಮಹಾಬಾಗಿಲು ಮಲಗಿವೆ, ಮೇಲೆ ಮಗಳಿಗೆ ಓದಲು ಒಂದು ಮೇಜಿಗೂ ಆಗುತ್ತದೆ. ಕಂಬ, ತೊಲೆ, ಹಳೇ ಬಾಗಿಲು, ಕಿಟಕಿ, ಏಣಿಮೆಟ್ಟಿಲು ನಾನಿನ್ನೂ ಎಣಿಸಿಲ್ಲ. ಇಷ್ಟನ್ನು ಕೊಟ್ಟು, ಮೂರು ತಿಂಗಳು ಬಿಟ್ಟು ಅದೇ ಮನೆಯವರು ನಮ್ಮಂಥವರ ಹತ್ತಿರ ಬಂದು ಹೊಸ ತೇಗಕ್ಕೆ ಅಡ್ವಾನ್ಸ್ ಕೊಡುತ್ತಾರೆ.

ಗುತ್ತಿಗೆಯವರನ್ನು ಬೈಯಲು ನನಗೆ ಬಾಯಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ನಾನೂ ಇದನ್ನೇ ಮಾಡಿದ್ದೇನೆ. ಅಗ್ರಹಾರದ ಕಡೆ ಒಬ್ಬರು ಅಜ್ಜಿ ಮನೆ ಖಾಲಿ ಮಾಡುತ್ತಿದ್ದರು. ನಡುಮನೆಯಲ್ಲಿ ಒಂದು ಉಯ್ಯಾಲೆ ಮಣೆ ಇತ್ತು. ಒಂದೇ ಹಲಗೆ, ಎರಡಡಿ ಅಗಲ, ಎಲ್ಲೂ ಕೂಡಿಸಿಲ್ಲ, ಒಂದು ಗಂಟಿಲ್ಲ. ಅಷ್ಟು ಅಗಲದ ತೇಗದ ಹಲಗೆಯನ್ನು ನಾನು ಅದಕ್ಕೂ ಮುಂಚೆ ನೋಡಿರಲಿಲ್ಲ, ಆಮೇಲೂ ನೋಡಿಲ್ಲ. "ಇದಕ್ಕೆ ಏನು ಬರುತ್ತಪ್ಪಾ?" ಅಂತ ಕೇಳಿದರು. "ಹಳೇದಲ್ವಾ ಅಜ್ಜಿ, ಕುಟ್ಟೆ ಹಿಡಿದಿರುತ್ತೆ" ಅಂದೆ. ಕುಟ್ಟೆ ಅಂದರೆ ಮರ ಕೊರೆಯುವ ಹುಳ. ಅದು ಹಿಡಿದಿರಲಿಲ್ಲ. 800 ರೂಪಾಯಿ ಕೊಟ್ಟೆ. ಅಜ್ಜಿ ಅದರಲ್ಲಿ 50 ರೂಪಾಯಿ ವಾಪಸ್ ಕೊಟ್ಟು, ಆಟೋಗೆ ಇಟ್ಕೋ ಅಂದರು.

ಮುಂದಕ್ಕೆ ಹೋಗೋಣ. ಗುರುತಿಸುವುದು ಹೇಗೆ ಅಂತ ಹೇಳುತ್ತೇನೆ, ಯಾಕೆಂದರೆ ಹಳೇ ಮನೆಯ ಮರ ಎಲ್ಲವೂ ತೇಗ ಅಲ್ಲ. ಬಣ್ಣ ನೋಡಿ ಮೋಸ ಹೋಗಬೇಡಿ. ಎಣ್ಣೆ ಬಣ್ಣ, ಹೊಗೆ, ಜಿಡ್ಡು ಹತ್ತಿ ಎಲ್ಲವೂ ಕಪ್ಪಗೆ ಕಾಣುತ್ತವೆ. ಕಾಣದ ಮೂಲೆಯಲ್ಲಿ ಉಳಿಯಿಂದ ಒಂದು ಚಕ್ಕೆ ತೆಗೆಯಿರಿ. ಒಳಗೆ ಹೊನ್ನಿನ ಕಂದು ಬಣ್ಣ, ಮೇಣದ ಜಿಡ್ಡು, ಚರ್ಮದಂಥ ವಾಸನೆ ಇದ್ದರೆ ತೇಗ. ಗಟ್ಟಿ ಮರಗಳ ಸಾಲಿನಲ್ಲಿ ತೇಗ ತೂಕಕ್ಕೆ ಹಗುರ. ಒಣಗಿದ ಒಂದು ಘನ ಅಡಿ ಸುಮಾರು 18 ಕೆಜಿ ತೂಗುತ್ತದೆ. ಅದೇ ಅಳತೆಯ ತುಂಡು ಎತ್ತಲು ತುಂಬಾ ಭಾರ ಅನ್ನಿಸಿ, ಒಳಗೆ ಕಡು ಕಂದು ಇದ್ದರೆ ಮತ್ತಿ ಇರಬಹುದು. ತೊಲೆಗೆ ಮತ್ತಿ ಹಾಕುತ್ತಿದ್ದದ್ದು ಉಂಟು. ನೇರಳೆ ಮಿಶ್ರ ಕಪ್ಪು ಗೆರೆ ಕಂಡರೆ ಬೀಟೆ, ಅದೃಷ್ಟ ನಿಮ್ಮದು. ಚಕ್ಕೆಯನ್ನು ನೀರಿಗೆ ಹಾಕಿ ಬೆಳಕಿಗೆ ಹಿಡಿದಾಗ ನೀರಿನಲ್ಲಿ ನೀಲಿ ಛಾಯೆ ಹೊಳೆದರೆ ಹೊನ್ನೆ. ಹಳದಿ ಇದ್ದು ವರ್ಷಗಳ ಮೇಲೆ ಕಂದಿದ್ದರೆ ಹಲಸು. ಇವು ಯಾವುವೂ ಸೌದೆಯಲ್ಲ. ಗೊತ್ತಾಗದಿದ್ದರೆ ಯಾರಾದರೂ ಹಳೇ ಆಚಾರ್ರನ್ನು ಕರೆದುಕೊಂಡು ಬಂದು ತೋರಿಸಿ, ಒಂದು ಕಾಫಿ ಕೊಟ್ಟರೆ ಸಾಕು, ಮನೆಯೆಲ್ಲ ತಟ್ಟಿ ನೋಡಿ ಹೇಳುತ್ತಾರೆ.

ಮೊಳೆ ವಿಷಯ. "ಹಳೇ ಮರದಲ್ಲಿ ಮೊಳೆ ಇರುತ್ತೆ, ಸಾಮಿಲ್ಲಿನವರು ಬೇಡ ಅಂತಾರೆ" ಅನ್ನುವುದು ನಿಜ. ಗರಗಸದ ಬ್ಲೇಡು ಹೋದರೆ ಯಾರಿಗೆ ಬೇಕು? ಆದರೆ ತೇಗದಲ್ಲಿ ಒಂದು ಅನುಕೂಲ ಇದೆ. ಅದರ ಎಣ್ಣೆ ಕಬ್ಬಿಣವನ್ನು ಅಷ್ಟಾಗಿ ತುಕ್ಕು ಹಿಡಿಸುವುದಿಲ್ಲ. ಬೇರೆ ಮರದಲ್ಲಿ ಮೊಳೆ ಕರಗಿ ಒಳಗೇ ಮುರಿಯುತ್ತದೆ. ತೇಗದಲ್ಲಿ ಬಹಳ ಸಲ ಇಡೀ ಮೊಳೆ ಎದ್ದು ಬರುತ್ತದೆ. ಹಡಗು ಕಟ್ಟುವವರು ಹಿಂದೆ ತೇಗಕ್ಕೆ ಮುಗಿಬಿದ್ದದ್ದಕ್ಕೆ ಇದೂ ಒಂದು ಕಾರಣ. ಮುಂಬೈನಲ್ಲಿ 1817ರಲ್ಲಿ ಮಲಬಾರ್ ತೇಗದಲ್ಲಿ ಕಟ್ಟಿದ ಟ್ರಿಂಕೋಮಲಿ ಅನ್ನುವ ಹಡಗು ಇಂಗ್ಲೆಂಡಿನಲ್ಲಿ ಈಗಲೂ ನೀರಿನ ಮೇಲೆ ನಿಂತಿದೆ. ಇನ್ನೂರು ವರ್ಷ ಉಪ್ಪುನೀರು ಕುಡಿದ ಮರ ಅದು. ನಿಮ್ಮ ಸೂರಿನ ಜಂತೆ ನೂರು ವರ್ಷ ನೆರಳಿನಲ್ಲಿ, ಒಣಗಿ, ಬೆಚ್ಚಗೆ ಕೂತಿದೆ. ಅದಕ್ಕೆ ವಯಸ್ಸಾಯಿತು ಅನ್ನುತ್ತೀರಿ!

ಗೋಡೆಯೊಳಗೆ ಹೂತಿರುವ ತುದಿ ಮಾತ್ರ ನೋಡಿಕೊಳ್ಳಿ. ಮಳೆನೀರು ಇಳಿದು ಅಲ್ಲಿ ಕೊಳೆತಿರಬಹುದು. ಒಂದೊಂದಡಿ ಕುಯ್ದು ಬಿಸಾಡಿದರೆ ಆಯಿತು. ಇನ್ನೊಂದು ಮಾತು, ಹಳೇ ಜಂತೆಯನ್ನು ಸೀಳಿದ ದಿನವೇ ಬಾಗಿಲು ಮಾಡಬಾರದು. ಸೀಳಿದ ಹಲಗೆಯನ್ನು ನೆರಳಿನಲ್ಲಿ, ನಡುವೆ ಪಟ್ಟಿ ಕೊಟ್ಟು, ಹದಿನೈದು ದಿನವಾದರೂ ಬಿಡಬೇಕು. ಏನಾದರೂ ತಿರುಚುವುದಿದ್ದರೆ ಅಷ್ಟರಲ್ಲಿ ತಿರುಚಿಕೊಳ್ಳಲಿ. ಅವಸರ ಮಾಡುವ ಬಡಗಿಯ ಮಾತು ಕೇಳಬೇಡಿ, ಅವನು ನಾನೇ ಆಗಿದ್ದರೂ.

ಈಗ ದೊಡ್ಡ ಅಡ್ಡಿಗೆ ಬರುತ್ತೇನೆ. "ಹಳೇ ಮನೆ ಮರ ಹೊಸ ಮನೆಗೆ ಹಾಕಬಾರದಂತೆ, ಶಾಸ್ತ್ರ ಒಪ್ಪಲ್ವಂತೆ." ಹತ್ತು ಮನೆಯಲ್ಲಿ ಆರೇಳು ಮನೆಯವರು ಈ ಮಾತು ಹೇಳುತ್ತಾರೆ. ನಾನು ಶಾಸ್ತ್ರ ಓದಿದವನಲ್ಲ, ವಾದ ಮಾಡುವುದಿಲ್ಲ. ಬಾಗಿಲು ಇಡುವ ದಿನ ವಾಡಕ್ಕೆ ಅರಿಶಿನ ಕುಂಕುಮ ಹಚ್ಚಿ, ಮಾವಿನ ಎಲೆ ಕಟ್ಟಿ ಪೂಜೆ ಮಾಡಿಸುವವನು ನಾನೂ ಹೌದು. ಆದರೆ ಒಂದು ಪ್ರಶ್ನೆ ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮ ಅಜ್ಜನ ಮನೆಯ ಜಂತೆ ನಿಮಗೆ ಆಗಿಬರುವುದಿಲ್ಲ ಅಂತೀರಿ. ಬೇರೆ ಯಾರದೋ ಊರಿನ ತೊಟ್ಟಿಮನೆಯ ಕಂಬವನ್ನು 'ಆಂಟಿಕ್' ಅಂತ ದುಬಾರಿ ದುಡ್ಡು ಕೊಟ್ಟು ತಂದು ಹಾಲಿನಲ್ಲಿ ನಿಲ್ಲಿಸಿದಾಗ ಆ ಶಾಸ್ತ್ರ ಎಲ್ಲಿ ಹೋಗುತ್ತದೆ?

ಅಪ್ಪ ಇದಕ್ಕೊಂದು ದಾರಿ ಮಾಡಿಕೊಂಡಿದ್ದರು. ನಂಬಿಕೆ ಗಟ್ಟಿ ಇರುವವರಿಗೆ ಹೊಸಲು ಮತ್ತು ಮಹಾಬಾಗಿಲಿಗೆ ಹೊಸ ಮರ ಹಾಕಿಸುತ್ತಿದ್ದರು. ಮಿಕ್ಕಿದ ಹಳೇ ಮರವನ್ನು ಒಳಗಿನ ಕಿಟಕಿ, ಬೀರು, ಮಂಚ, ಮಣೆಗೆ ಬಳಸುತ್ತಿದ್ದರು. ಎರಡೂ ಕಡೆಯವರಿಗೆ ಸಮಾಧಾನ. ಅದೂ ಬೇಡ ಅಂದರೆ ಮಾರಿ. ಆದರೆ ಮರ ಅಂತ ಮಾರಿ, ಅಳತೆ ಹಾಕಿಸಿ, ಘನ ಅಡಿ ಲೆಕ್ಕದಲ್ಲಿ ಮಾರಿ, ಬಿಲ್ಲು ಮಾಡಿಸಿ. ಗುಜರಿ ಲೆಕ್ಕದಲ್ಲಿ ಕೊಡಬೇಡಿ.

ಅಧಿಕಾರಿಗಳಿಗೆ ನನ್ನ ಕೋರಿಕೆ ಚಿಕ್ಕದು. ಹೊಸ ಕಾನೂನು ಕೇಳುತ್ತಿಲ್ಲ, ಇರುವ ಕಾಗದದಲ್ಲಿ ಎರಡು ಸಾಲು ಸೇರಿಸಿ ಅಂತಿದ್ದೇನೆ. ಹಳೇ ಮನೆ ಕೆಡವಲು ಅರ್ಜಿ ಬಂದಾಗ ಆ ಮನೆಯಲ್ಲಿರುವ ಮರದ ಪಟ್ಟಿ ಕೇಳಿ: ಎಷ್ಟು ಜಂತೆ, ಎಷ್ಟು ಕಂಬ, ಎಷ್ಟು ಬಾಗಿಲು. ಪಟ್ಟಿ ಮಾಡಲು ಹೋದವರು ತಲೆ ಎತ್ತಿ ನೋಡಲೇಬೇಕು, ಅರ್ಧ ಕೆಲಸ ಅಲ್ಲಿಗೇ ಆಗುತ್ತದೆ. ಸೂರಿನ ಮರ ಕೈಯಲ್ಲಿ ಬಿಚ್ಚಿದ ಮೇಲೆಯೇ ಜೆಸಿಬಿ ಒಳಗೆ ಬರಬೇಕು ಅಂತ ಷರತ್ತು ಹಾಕಿ. ಕೈಯಲ್ಲಿ ಬಿಚ್ಚಲು ನಾಲ್ಕೈದು ದಿನ ಜಾಸ್ತಿ ಹಿಡಿಯುತ್ತದೆ, ಅಷ್ಟೇ. ಆಗುವುದಾದರೆ ಊರಿನ ಒಂದು ಮೂಲೆಯಲ್ಲಿ ಒಂದು ಶೆಡ್ ಕೊಡಿ. ಬೇಡದವರು ಅಲ್ಲಿ ತಂದಿಡಲಿ, ಬೇಕಾದವರು ಅಳತೆ ನೋಡಿ ತಗೊಂಡು ಹೋಗಲಿ. ಬೀಟೆ ಕೆತ್ತನೆ ಕೆಲಸದವರಿಗೆ ಅಂಗೈ ಅಗಲದ ತುಂಡು ಸಿಕ್ಕರೂ ಕೆಲಸಕ್ಕೆ ಬರುತ್ತದೆ. ನಾವು ಸೌದೆ ಅನ್ನುವ ಮುರುಕಿನಲ್ಲಿ ಅವರು ಒಂದು ಆನೆ, ಒಂದು ತೆಂಗಿನ ಮರ ಕೂರಿಸಿಬಿಡುತ್ತಾರೆ.

ನಾನು ತಂದ ಆ ಎರಡು ತುಂಡಿನ ವಿಷಯ ಹೇಳುವುದು ಮರೆತೆ. ಒಂದರ ತುದಿಯಲ್ಲಿ, ಗೋಡೆಯೊಳಗೆ ಹೂತಿದ್ದ ಭಾಗದಲ್ಲಿ, ಉಳಿಯಿಂದ ಹೊಡೆದ ಗುರುತಿತ್ತು. ಮೂರು ಗೀಟು, ಪಕ್ಕದಲ್ಲಿ ಒಂದು ಕತ್ತರಿ ಗುರುತು. ಯಾವ ಜಂತೆ ಯಾವ ಜಾಗಕ್ಕೆ ಅಂತ ಆಚಾರ್ರು ಕೆಳಗೇ ಹೊಂದಿಸಿ ನೋಡಿ ಹಾಕಿಕೊಳ್ಳುವ ಗುರುತು ಅದು. ನಾನೂ ಹಾಗೇ ಹಾಕುತ್ತೇನೆ, ಈಗ ಪೆನ್ಸಿಲಿನಲ್ಲಿ. ಆ ತುದಿಯನ್ನು ಕುಯ್ಯಲು ಮನಸ್ಸು ಬರಲಿಲ್ಲ. ಅಂಗಡಿಯ ಬಾಗಿಲ ಹತ್ತಿರ ಕೂರಲು ಸಣ್ಣ ಮಣೆ ಮಾಡಿದೆ, ಗುರುತು ಕಾಣುವ ಹಾಗೆ.

ಕೊನೆಗೆ ಒಬ್ಬರಿಗೆ ಮಾತ್ರ ಒಂದು ಮಾತು. ಚಾಮರಾಜಪುರಂ ಸ್ಟೇಷನ್ನಿನ ಕಡೆಯಿಂದ ದಿನಾ ಬರುವಾಗ ಒಂದು ಮನೆ ಕಾಣುತ್ತದೆ. ನಿಮ್ಮ ಹೆಸರು ನನಗೆ ಗೊತ್ತಿಲ್ಲ. ಸಾಮಾನೆಲ್ಲ ಸಾಗಿಸಿದ್ದೀರಿ, ಕರೆಂಟಿನ ಮೀಟರ್ ಬಿಚ್ಚಿಸಿದ್ದೀರಿ, ಮುಂದೆ ಮರಳು ಬಂದು ಬಿದ್ದಿದೆ. ಜಗುಲಿಯ ನಾಲ್ಕು ಕಂಬಕ್ಕೆ ಹಸಿರು ಎನಾಮೆಲ್ ಬಳಿದಿದ್ದೀರಲ್ಲ, ಮೂರನೇ ಕಂಬದಲ್ಲಿ ಬಣ್ಣ ಎದ್ದಿದೆ. ನಿನ್ನೆ ಸಾಯಂಕಾಲ ಬಿಸಿಲು ಅದರ ಮೇಲೆ ಬಿದ್ದಿತ್ತು. ಕಾಂಪೌಂಡಿನ ಹೊರಗೆ ನಿಂತು ನೋಡಿದೆ. ಅದು ತೇಗ ಸ್ವಾಮಿ. ಜೆಸಿಬಿಯವರಿಗೆ ಎರಡು ದಿನ ತಡೆದು ಬರಲು ಹೇಳಿ.

ಇಂತಿ,
ನಿಮ್ಮ ಊರಿನ ಒಬ್ಬ ಮರಗೆಲಸದವನು